ನೀಲಿ ಕಲ್ಲು, ಬೋರಿನ ನೀರು

‘ಈ ಸಲದ ಅಂಕಣಕ್ಕೆ ಕಲ್ಲಿನ ವಿಷಯ ಬರೆಯುತ್ತೇನೆ’ ಎಂದಾಗ ಸಂಪಾದಕರು ಫೋನಿನಲ್ಲಿ ನಕ್ಕರು. ‘ಡಾಕ್ಟ್ರೇ, ಹಬ್ಬದ ಸಂಚಿಕೆಯಲ್ಲಿ ಕಿಡ್ನಿ ಸ್ಟೋನ್ ಬೇಡ, ಊಟಕ್ಕೆ ಮುಂಚೆ ಓದುವವರಿದ್ದಾರೆ!’ ಅಂದರು. ಅದಲ್ಲ ಸ್ವಾಮಿ, ಇದು ಗುಡ್ಡದ ಕಲ್ಲು, ಗಣಿಯ ಕಲ್ಲು ಎಂದು ಸಮಾಧಾನ ಹೇಳಬೇಕಾಯಿತು. ಆದರೆ ವೈದ್ಯ ಬರೆದ ಮೇಲೆ ಕೊನೆಗೆ ಮೂಳೆಗೂ ಹಲ್ಲಿಗೂ ಬಂದು ನಿಲ್ಲದೆ ಇರುತ್ತದೆಯೇ?

ಬೇಸಿಗೆ ರಜೆಯಲ್ಲಿ ನಾವು ನಾಲ್ಕು ಮನೆಯವರು ಹೇಸ್‌ನಿಂದ ಎರಡು ಕಾರಿನಲ್ಲಿ ಡರ್ಬಿಶೈರಿನ ಕ್ಯಾಸಲ್‌ಟನ್ ಎಂಬ ಹಳ್ಳಿಗೆ ಹೋಗಿದ್ದೆವು. ಪುಳಿಯೋಗರೆ, ಮೊಸರನ್ನ, ಚಕ್ಕುಲಿ ಡಬ್ಬಿ ಎಲ್ಲ ಯಥಾಪ್ರಕಾರ. ವಿನ್ನಟ್ಸ್ ಪಾಸ್ ಎಂಬ ಕಡಿದಾದ ಕಣಿವೆಯ ರಸ್ತೆ ಇಳಿದರೆ ಎಡಗಡೆ ಟ್ರೀಕ್ ಕ್ಲಿಫ್ ಎಂಬ ಗುಡ್ಡ. ನೋಡಲು ಏನೂ ಇಲ್ಲ. ಹುಲ್ಲು, ಕುರಿ, ಮಂಜು. ಇಂಥ ಗುಡ್ಡಗಳು ಆ ಸೀಮೆಯಲ್ಲಿ ನೂರಾರು. ಆದರೆ ‘ಬ್ಲೂ ಜಾನ್’ ಎಂಬ ನೇರಳೆ, ಬಿಳಿ, ಹಳದಿ ಪಟ್ಟೆಗಳ ಕಲ್ಲು ಸಿಗುವುದು ಈ ಒಂದು ಗುಡ್ಡದ ಹೊಟ್ಟೆಯಲ್ಲಿ. ರಸಾಯನಶಾಸ್ತ್ರದಲ್ಲಿ ಅದು ಫ್ಲೋರೈಟ್, ಅಂದರೆ ಕ್ಯಾಲ್ಸಿಯಂ ಫ್ಲೋರೈಡ್. ಒಂದು ಕ್ಯಾಲ್ಸಿಯಂ, ಎರಡು ಫ್ಲೋರಿನ್.

ಗುಹೆಯೊಳಗೆ ಮೆಟ್ಟಿಲಿಳಿದು ಹೋದ ಮೇಲೆ ಗೈಡ್ ಗೋಡೆಗೆ ಟಾರ್ಚ್ ಹಿಡಿದಳು. ಕಪ್ಪಗೆ ಕಾಣುತ್ತಿದ್ದ ಬಂಡೆಯ ಸಂದಿನಲ್ಲಿ ಜಂಬುನೇರಳೆ ಹಣ್ಣನ್ನು ಕಚ್ಚಿದಾಗ ಕಾಣುವ ಬಣ್ಣ ಹೊಳೆಯಿತು. ಮಕ್ಕಳು ಕೂಡ ಒಂದು ಗಳಿಗೆ ಮೊಬೈಲ್ ಮರೆತರು.

ಇದು ಅಲ್ಲಿಗೆ ಬಂದ ಬಗೆ ಹೀಗೆ. ಸುಮಾರು 33 ಕೋಟಿ ವರ್ಷಗಳ ಹಿಂದೆ ಈಗಿನ ಡರ್ಬಿಶೈರ್ ಬೆಚ್ಚಗಿನ, ಆಳವಿಲ್ಲದ ಕಡಲಾಗಿತ್ತು. ಚಿಪ್ಪು, ಹವಳ ಇತ್ಯಾದಿ ಪದರ ಪದರವಾಗಿ ಕೂತು ಸುಣ್ಣಕಲ್ಲಾಯಿತು. ಆ ಕಡಲಂಚಿನ ಇಳಿಜಾರಿನಲ್ಲಿ ದೊಡ್ಡ ದೊಡ್ಡ ಬಂಡೆಗುಂಡುಗಳು ಉರುಳಿ ರಾಶಿಬಿದ್ದು, ನಡುವೆ ಪೊಳ್ಳು ಜಾಗಗಳು ಉಳಿದವು. ಅದರ ಮೇಲೆ ಶೇಲ್ ಎಂಬ ನೀರು ಬಿಡದ ಪದರಗಲ್ಲು ಮುಚ್ಚಳದಂತೆ ಕೂತಿತು. ಬಹಳ ಕಾಲದ ಮೇಲೆ ಭೂಮಿಯ ಆಳದಿಂದ ಬಿಸಿಯಾದ ಉಪ್ಪುನೀರು ಬಿರುಕುಗಳಲ್ಲಿ ಏರಿ ಬಂತು. ಅದರಲ್ಲಿ ಸೀಸ, ಸತು, ಬೇರಿಯಂ, ಫ್ಲೋರಿನ್ ಎಲ್ಲ ಕರಗಿದ್ದವು. ಮೇಲಕ್ಕೆ ಹೋಗಲು ಮುಚ್ಚಳ ಬಿಡಲಿಲ್ಲ. ಸುಣ್ಣಕಲ್ಲಿನ ಕ್ಯಾಲ್ಸಿಯಂ ಕೈಗೆ ಸಿಕ್ಕಿದ ಕೂಡಲೇ ಫ್ಲೋರಿನ್ ಅದನ್ನು ಅಪ್ಪಿಕೊಂಡು ಪೊಳ್ಳುಗಳ ಒಳಗೋಡೆಯ ಮೇಲೆ ಹರಳಾಗಿ ಕೂತಿತು. ಒಂದು ಪದರ ಬಿಳಿ, ಒಂದು ಪದರ ನೇರಳೆ. ಬಣ್ಣ ಏತಕ್ಕೆ ಬಂತು ಎಂಬುದಕ್ಕೆ ವಿಜ್ಞಾನಿಗಳು ಬಹಳ ಕಾಲ ಜಗಳವಾಡಿದ್ದಾರೆ. ಹಿಂದೆ ಎಣ್ಣೆಯಂಥ ಪದಾರ್ಥ ಸೇರಿದ್ದರಿಂದ ಎನ್ನುತ್ತಿದ್ದರು, ಈಗ ಹರಳಿನೊಳಗಿನ ಅಣುಗಳ ಜೋಡಣೆಯಲ್ಲಿ ಆದ ಲೋಪದ ಕಡೆಗೆ ಹೆಚ್ಚು ಒಲವಿದೆ. ಫ್ಲೋರಿನ್ನಿಗೂ ಕ್ಯಾಲ್ಸಿಯಮ್ಮಿಗೂ ಇರುವ ಈ ಸೆಳೆತವನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಆ ಸೀಮೆಯ ಗಣಿಗಾರರು ಶತಮಾನಗಳ ಕಾಲ ಹುಡುಕಿದ್ದು ಸೀಸವನ್ನು. ಟ್ರೀಕ್ ಕ್ಲಿಫ್ ಬುಡದ ಓಡಿನ್ ಎಂಬ ಹಳೆಯ ಗಣಿಯ ಬಾಯಲ್ಲಿ, ಕುದುರೆ ಎಳೆದು ಅದಿರು ಅರೆಯುತ್ತಿದ್ದ ಕಲ್ಲಿನ ಚಕ್ರ ಈಗಲೂ ಬಿದ್ದಿದೆ. ನಮ್ಮೂರ ಎಣ್ಣೆಗಾಣವೇ ಸರಿ, ಎತ್ತಿನ ಬದಲು ಕುದುರೆ. ಸೀಸ ತೆಗೆಯುವವರಿಗೆ ಫ್ಲೋರೈಟ್ ಅಂದರೆ ಕಸ, ದಾರಿಗೆ ಅಡ್ಡ ಬರುವ ಕಲ್ಲು. ಹದಿನೆಂಟನೆಯ ಶತಮಾನದಲ್ಲಿ ಅದೇ ಕಸಕ್ಕೆ ಶ್ರೀಮಂತರ ಮನೆಯಲ್ಲಿ ಜಾಗ ಸಿಕ್ಕಿತು. ವಾಸ್ತುಶಿಲ್ಪಿ ರಾಬರ್ಟ್ ಆಡಮ್ ಕೆಡಲ್‌ಸ್ಟನ್ ಅರಮನೆಯ ಅಗ್ಗಿಷ್ಟಿಕೆಗೆ ಇದನ್ನು ಕೂರಿಸಿದ. ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೌಲ್ಟನ್ (ಹಳೆಯ ಐವತ್ತು ಪೌಂಡಿನ ಕಾಗದದ ನೋಟಿನಲ್ಲಿ ಜೇಮ್ಸ್ ವಾಟ್ ಪಕ್ಕ ಇದ್ದನಲ್ಲ, 2022ರಲ್ಲಿ ಚಲಾವಣೆಯಿಂದ ಹೋದ ನೋಟು, ಅವನೇ) 1768ರ ಹೊತ್ತಿಗೆ ಗಣಿಯನ್ನೇ ಗುತ್ತಿಗೆ ಹಿಡಿಯಲು ಓಡಾಡಿದ. ಚಿನ್ನದ ಮುಲಾಮಿನ ಕಂಚಿನ ಕಟ್ಟು ಹಾಕಿ ಅವನು ಮಾಡಿಸಿದ ಹೂದಾನಿ, ಧೂಪದಾನಿಗಳು ಇಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿವೆ. ಡರ್ಬಿಶೈರ್ ದೂರ ಎನ್ನುವವರು ಹೇಸ್ ಸ್ಟೇಷನ್ನಿನಲ್ಲಿ ಎಲಿಜಬೆತ್ ಲೈನ್ ಹತ್ತಿ ಅಲ್ಲಿಗೇ ಹೋಗಿ ನೋಡಬಹುದು, ಟಿಕೆಟ್ಟಿಲ್ಲ.

ಹೆಸರಿನ ಕತೆಯೂ ಸ್ವಾರಸ್ಯ. ಫ್ರೆಂಚರು ‘ಬ್ಲೂ ಜೋನ್’, ನೀಲಿ ಹಳದಿ, ಎಂದದ್ದೇ ಬ್ಲೂ ಜಾನ್ ಆಯಿತು ಎಂದು ಗೈಡ್‌ಗಳು ಹೇಳುತ್ತಾರೆ. ಗಣಿಗಾರರು ಸತುವಿನ ಅದಿರನ್ನು ಬ್ಲಾಕ್ ಜಾಕ್ ಎನ್ನುತ್ತಿದ್ದರು. ಅದರ ತಮ್ಮ ಬ್ಲೂ ಜಾನ್ ಎಂಬ ಇನ್ನೊಂದು ವಾದವಿದೆ. ನನಗೆ ಎರಡನೆಯದೇ ನಿಜವೆನಿಸುತ್ತದೆ. ಸುತ್ತಿಗೆ ಹಿಡಿದವನು ಫ್ರೆಂಚ್ ಕಲಿಯಲು ಹೋಗುವುದಿಲ್ಲ. ಒಂದು ಎಳೆಗೆ ಅವರು ಇಟ್ಟ ಹೆಸರು ‘ಬುಲ್ ಬೀಫ್’! ಅಂಥವರ ಬಾಯಲ್ಲಿ ಫ್ರೆಂಚ್ ಎಲ್ಲಿಂದ ಬರಬೇಕು?

ಈ ಕಲ್ಲು ಕೆತ್ತುವುದು ಸುಲಭವಲ್ಲ. ಗಡಸುತನದ ಅಳತೆಯಲ್ಲಿ ನಾಲ್ಕು, ಅಂದರೆ ಚಾಕುವಿನಿಂದ ಗೀರಬಹುದು. ನಾಲ್ಕು ದಿಕ್ಕಿನಲ್ಲಿ ಸಲೀಸಾಗಿ ಸೀಳುತ್ತದೆ. ಆದ್ದರಿಂದ ಕಲ್ಲನ್ನು ಮೊದಲು ಬಿಸಿಮಾಡಿ ರಾಳ ಕುಡಿಸುತ್ತಾರೆ, ಹಿಂದೆ ಪೈನ್ ಮರದ ರಾಳ, ಈಗ ಎಪಾಕ್ಸಿ. ಆಮೇಲೆ ಲೇತ್ ಮೇಲೆ ತಿರುಗಿಸಿ ಬಟ್ಟಲು ಮಾಡುತ್ತಾರೆ. ಮೊದಲನೆಯ ಮಹಾಯುದ್ಧದಲ್ಲಿ ಉಕ್ಕಿನ ಕುಲುಮೆಗಳಿಗೆ ಫ್ಲೋರೈಟ್ ಬೇಕಾದಾಗ ಟ್ರೀಕ್ ಕ್ಲಿಫ್‌ನಲ್ಲಿ ಸಿಡಿಮದ್ದಿಟ್ಟು ಕಲ್ಲು ಕಿತ್ತರು. ಅದಿರು ಬೇಗ ಕರಗಿ ಹರಿಯಲು ಇದು ಸಹಾಯಕ. ಫ್ಲೋರ್ ಎಂಬ ಹೆಸರೇ ‘ಹರಿ’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು. 1926ರಲ್ಲಿ ಹಾಗೇ ಕೊರೆಯುತ್ತಿದ್ದವರಿಗೆ ಸುಣ್ಣದ ತೊಂಗಲುಗಳು ಇಳಿಬಿದ್ದ ಗುಹೆಗಳ ಸಾಲೇ ಎದುರಾಯಿತು. 1935ರಲ್ಲಿ ಅದನ್ನು ಜನರಿಗೆ ತೆರೆದರು. ಇಂದು ಬ್ಲೂ ಜಾನ್ ತೆಗೆಯುವುದು ವರ್ಷಕ್ಕೆ ಕೆಲವು ನೂರು ಕಿಲೋ ಮಾತ್ರ, ಅದೂ ಕೈಕೆಲಸದಲ್ಲಿ. 2013ರಲ್ಲಿ ಹೊಸ ಎಳೆಯೊಂದು ಸಿಕ್ಕಿತೆಂದು ಗುಹೆಯವರು ಪ್ರಕಟಿಸಿದಾಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿತ್ತು.

ಮಂಗೋಲಿಯಾದ ಗೋಬಿ ಮರುಭೂಮಿಯಲ್ಲಿ, ಚೀನಾ, ಮೆಕ್ಸಿಕೊಗಳಲ್ಲಿ ಫ್ಲೋರೈಟನ್ನು ಲಾರಿಗಟ್ಟಲೆ ತೋಡುತ್ತಾರೆ. ನಮ್ಮ ದೇಶದಲ್ಲಿ ಗುಜರಾತಿನ ಅಂಬಾಡುಂಗರ್ ಹೆಸರಾದದ್ದು. ಇದಕ್ಕೆ ಗಂಧಕಾಮ್ಲ ಹಾಕಿದರೆ ಹೈಡ್ರೋಫ್ಲೋರಿಕ್ ಆಮ್ಲ ಬರುತ್ತದೆ, ಗಾಜನ್ನೇ ತಿನ್ನುವ ಆಮ್ಲ. ಅದರಿಂದ ಫ್ಲೋರಿನ್ ಅನಿಲವನ್ನು ಬಿಡಿಸಲು ಹೋಗಿ ಬೆಲ್ಜಿಯಮ್ಮಿನ ಲುಯೆಟ್, ಫ್ರಾನ್ಸಿನ ನಿಕ್ಲೆಸ್ ಪ್ರಾಣ ಕಳೆದುಕೊಂಡರು. 1886ರಲ್ಲಿ ಪ್ಯಾರಿಸ್ಸಿನ ಆನ್ರಿ ಮುವಸ್ಸಾನ್ ಗೆದ್ದ. ಅವನ ಪ್ಲಾಟಿನಂ ಕೊಳವೆಗೆ ಹಾಕಿದ ಬಿರಡೆಗಳು ಯಾವುದರವು ಗೊತ್ತೆ? ಫ್ಲೋರೈಟ್ ಕಲ್ಲಿನವೇ! ಆಗಲೇ ಹೊಟ್ಟೆತುಂಬ ಫ್ಲೋರಿನ್ ಉಂಡ ಕಲ್ಲನ್ನು ಫ್ಲೋರಿನ್ ಇನ್ನೇನು ತಾನೇ ಮಾಡೀತು?

ನನ್ನ ವೃತ್ತಿಯಲ್ಲಂತೂ ಈ ಕಲ್ಲಿನ ಋಣ ದೊಡ್ಡದು. ಐ.ಸಿ.ಐ. ಕಂಪನಿಯ ಚಾರ್ಲ್ಸ್ ಸಕ್ಲಿಂಗ್ 1951ರಲ್ಲಿ ತಯಾರಿಸಿದ ಹ್ಯಾಲೊಥೇನ್ 1956ರಲ್ಲಿ ಮ್ಯಾಂಚೆಸ್ಟರಿನಲ್ಲಿ ರೋಗಿಗಳಿಗೆ ಸಿಕ್ಕಿತು. ಬೆಂಕಿ ಹತ್ತದ ಅರಿವಳಿಕೆ ಅನಿಲ, ಅದರಲ್ಲಿ ಫ್ಲೋರಿನ್. ಸಿಪ್ರೊಫ್ಲಾಕ್ಸಸಿನ್, ಫ್ಲೂಆಕ್ಸೆಟಿನ್, ಕ್ಯಾನ್ಸರಿನ ಫ್ಲೂರೊಯುರಾಸಿಲ್, ನಿಮ್ಮ ದೋಸೆ ಅಂಟದ ತವಾ, ಎಲ್ಲದರ ಮೂಲ ಇಂಥದೇ ಗಣಿ. ನಮ್ಮ ಹೇಸ್‌ಗೂ ಸಂಬಂಧವಿದೆ. ಇಲ್ಲಿನ ಇ.ಎಂ.ಐ. ಸಂಶೋಧನಾಲಯದಲ್ಲಿ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಸಿ.ಟಿ. ಸ್ಕ್ಯಾನ್ ರೂಪಿಸಿದರು. 1971ರಲ್ಲಿ ಮೊದಲ ರೋಗಿಯ ಸ್ಕ್ಯಾನ್, 1979ರಲ್ಲಿ ನೊಬೆಲ್. ಕ್ಷಕಿರಣ ಹಿಡಿಯಲು ಮೊದಮೊದಲು ಸೋಡಿಯಂ ಅಯೊಡೈಡ್ ಹರಳು ಬಳಸುತ್ತಿದ್ದರು; ಅದರ ಹೊಳಪು ಕೂಡಲೇ ಆರದೆ ತೊಂದರೆ ಕೊಟ್ಟಾಗ ಮುಂದಿನ ಯಂತ್ರಗಳಲ್ಲಿ ಬಂದ ಹರಳುಗಳಲ್ಲಿ ಕ್ಯಾಲ್ಸಿಯಂ ಫ್ಲೋರೈಡ್ ಒಂದು.

ಗಣಿಯಿಂದ ಹೊರಬಂದ ಮೇಲೆ ಅಂಗಡಿಯಲ್ಲಿ ನನ್ನ ಶ್ರೀಮತಿ ಒಂದು ಪದಕ ಆರಿಸಿದಳು. ಬೆಲೆ ನೋಡಿ ನಾನು ಆಕಾಶ ನೋಡಿದೆ. ಆಗಲೇ ನನಗೆ ಆಕಾಶ ನೋಡಲಾಗದ ಮನುಷ್ಯನೊಬ್ಬ ನೆನಪಾದದ್ದು.

1990ರ ದಶಕದ ಆರಂಭ. ಉತ್ತರ ಕರ್ನಾಟಕದ ಒಂದು ಆಸ್ಪತ್ರೆಯಲ್ಲಿ ನಾನು ಹೌಸ್ ಸರ್ಜನ್. ಮುಂಡರಗಿ ಕಡೆಯ ರೈತ, ವಯಸ್ಸು ನಲವತ್ತೈದಿರಬಹುದು, ಮುದುಕನಂತೆ ಬಾಗಿ ಒಳಬಂದ. ಹೆಸರು ಕೂಗಿದರೆ ಕತ್ತು ತಿರುಗಿಸಲಾರ. ಇಡೀ ದೇಹವನ್ನು ಬಾಗಿಲಿನಂತೆ ತಿರುಗಿಸುತ್ತಿದ್ದ. ‘ಡಾಕ್ಟ್ರ, ಕುತ್ತಿಗಿ ತಿರುಗವಲ್ದ್ರಿ. ಮ್ಯಾಲ ಮುಗಿಲು ನೋಡಿ ಭಾಳ ವರ್ಷ ಆತು. ಮಳಿ ಬರತೈತೋ ಇಲ್ಲೋ ಅಂತ ಹುಡುಗುರ್ನ ಕೇಳಬೇಕು’ ಅಂದ. ಪುಸ್ತಕದಲ್ಲಿ ಓದಿದ್ದ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂದು ನಾನು ಜಂಬದಿಂದ ಬರೆದೆ. ನೋವಿನ ಮಾತ್ರೆ ಕೊಟ್ಟೆ. ನಿಮ್ಮೂರಿನಲ್ಲಿ ಬೇರೆಯವರಿಗೂ ಹೀಗಿದೆಯೇ ಎಂದು ಕೇಳಲಿಲ್ಲ, ಯಾವ ನೀರು ಕುಡಿಯುತ್ತೀರಿ ಎಂದೂ ಕೇಳಲಿಲ್ಲ. ಅವನು ನಕ್ಕಾಗ ಹಲ್ಲಿನ ಮೇಲೆ ಅಡ್ಡಡ್ಡ ಕಂದು ಗೆರೆ ಕಂಡಿತ್ತು, ತಂಬಾಕು ಅಂದುಕೊಂಡೆ. ಎರಡು ತಿಂಗಳ ಮೇಲೆ ಅದೇ ಊರಿನ ಇನ್ನಿಬ್ಬರು ಹಾಗೇ ಬಂದಾಗ ಹಿರಿಯ ಪ್ರೊಫೆಸರೊಬ್ಬರು ಮುಂಗೈಯ ಎಕ್ಸ್‌ರೇ ತೆಗೆಸಿದರು. ಎರಡು ಮೂಳೆಗಳ ನಡುವಿನ ಪೊರೆಯಲ್ಲಿ ಸುಣ್ಣ ಕೂತು ಮುಳ್ಳಿನಂತೆ ಕಾಣುತ್ತಿತ್ತು. ಬೆನ್ನುಮೂಳೆ ಸೀಮೆಸುಣ್ಣದಂತೆ ಬೆಳ್ಳಗೆ. ‘ಇದು ಫ್ಲೋರೋಸಿಸ್ ಕಣಯ್ಯಾ. ರೋಗಿಯನ್ನಲ್ಲ, ಊರಿನ ಬೋರನ್ನು ಅಡ್ಮಿಟ್ ಮಾಡಬೇಕು’ ಅಂದರು. ಮೊದಲ ರೈತ ಮತ್ತೆ ಬರಲೇ ಇಲ್ಲ.

ಆ ನೋಟದಲ್ಲಿ ನಾನೇನೂ ಹೊಸಬನಲ್ಲ. 1937ರಲ್ಲೇ ಶಾರ್ಟ್ ಮತ್ತು ಸಂಗಡಿಗರು ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಈ ಮೂಳೆರೋಗವನ್ನು ಗುರುತಿಸಿ ಬರೆದಿದ್ದರು. ಅರವತ್ತು ವರ್ಷ ಹತ್ತಿರ ಬಂದರೂ ನನ್ನಂಥವನ ತಲೆಗೆ ಅದು ಹೊಳೆದಿರಲಿಲ್ಲ.

ಈಗ ಕ್ಯಾಲ್ಸಿಯಮ್ಮಿನ ಮಾತಿಗೆ ಬರೋಣ. ಗುಡ್ಡವೇ ಫ್ಲೋರೈಟ್ ಆಗಿರುವಲ್ಲಿ ಜನ ಬಾಗಿಹೋಗಬೇಕಿತ್ತಲ್ಲ? ಹಾಗಾಗಲಿಲ್ಲ. ಸುಣ್ಣಕಲ್ಲಿನ ನೀರಿನಲ್ಲಿ ಕ್ಯಾಲ್ಸಿಯಂ ಧಾರಾಳ. ಅದಿದ್ದಲ್ಲಿ ಫ್ಲೋರೈಡ್ ಹೆಚ್ಚು ಹೊತ್ತು ನೀರಿನಲ್ಲಿ ನಿಲ್ಲದೆ ಮತ್ತೆ ಕಲ್ಲಾಗಿ ಕೂತುಬಿಡುತ್ತದೆ. ಹೇಸ್‌ನ ಕೆಟಲಿನ ತಳದಲ್ಲಿ ನೀವು ವಿನೆಗರ್ ಹಾಕಿ ಉಜ್ಜುವ ಬಿಳಿ ಹೆಪ್ಪಿದೆಯಲ್ಲ, ಅದೇ ಕ್ಯಾಲ್ಸಿಯಮ್ಮಿನ ಗುರುತು. ನಮ್ಮ ಬಯಲುಸೀಮೆಯದು ಬೇರೆ ಕತೆ. ಗಬ್ಬರ್ ಸಿಂಗ್ ಕೂತಿದ್ದ ರಾಮನಗರದ ಬಂಡೆಗಳು ಗೊತ್ತಲ್ಲ? ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಆ ಹೆಸರಿನ ಗ್ರಾನೈಟ್ ಪಟ್ಟಿ ಸುಮಾರು 250 ಕೋಟಿ ವರ್ಷ ಹಳೆಯದು, ಸುಮಾರು 400 ಕಿಲೋಮೀಟರ್ ಉತ್ತರಕ್ಕೆ ಹರಡಿದೆ. ಅದರಲ್ಲೂ ಅಕ್ಕಪಕ್ಕದ ಇತರ ಗ್ರಾನೈಟ್, ನೈಸ್ ಬಂಡೆಗಳಲ್ಲೂ ಕಾಗೆಬಂಗಾರದಂಥ ಬಯೊಟೈಟ್, ಅಪಟೈಟ್, ಅಲ್ಲಲ್ಲಿ ಫ್ಲೋರೈಟ್ ಕಣಗಳು ಚದುರಿಕೊಂಡಿವೆ. ಮಳೆ ಕಡಿಮೆ, ಬಿಸಿಲು ಜಾಸ್ತಿ, ನೀರು ಬಂಡೆಯ ಸಂದಿನಲ್ಲಿ ವರ್ಷಗಟ್ಟಲೆ ನಿಂತಿರುತ್ತದೆ. ಆ ನೀರಿನಲ್ಲಿ ಸೋಡಿಯಂ, ಬೈಕಾರ್ಬೊನೇಟ್ ಏರಿ ಕ್ಯಾಲ್ಸಿಯಂ ಇಳಿದಿರುತ್ತದೆ. ಹಿಡಿದು ಕೂರಿಸುವವರಿಲ್ಲದೆ ಫ್ಲೋರೈಡ್ ಕರಗಿಕೊಂಡೇ ಉಳಿಯುತ್ತದೆ. ನೀರು ತಿಳಿಯಾಗಿರುತ್ತದೆ, ರುಚಿಯೂ ಕೆಟ್ಟಿರುವುದಿಲ್ಲ. ಕುಡಿದವನ ಮೂಳೆಯಲ್ಲಿ ಮಾತ್ರ ಕ್ಯಾಲ್ಸಿಯಂ ಬೇಕಾದಷ್ಟಿದೆ. ಫ್ಲೋರೈಡ್ ಅಲ್ಲಿಗೆ ಹೋಗಿ ಕೂರುತ್ತದೆ. ಟ್ರೀಕ್ ಕ್ಲಿಫ್‌ನ ಪೊಳ್ಳುಗಳಲ್ಲಿ ನಡೆದದ್ದೇ ಮನುಷ್ಯನ ಬೆನ್ನಿನಲ್ಲಿ ನಡೆಯುತ್ತದೆ ಎನ್ನಬಹುದು.

ಗದಗ, ಕೊಪ್ಪಳ, ರಾಯಚೂರು, ಬಾಗಲಕೋಟೆ, ಬಳ್ಳಾರಿ, ಚಿತ್ರದುರ್ಗ, ತುಮಕೂರಿನ ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ. ಈ ಪಟ್ಟಿಯಲ್ಲಿ ನಮ್ಮ ಸಂಘದ ಎಷ್ಟು ಮನೆಯವರ ತವರಿದೆ ಎಂದು ನೀವೇ ಎಣಿಸಿ.

ಬೋರ್‌ವೆಲ್ ಕೊರೆದವರನ್ನು ಬೈಯುವುದು ನನಗೆ ಸರಿಯೆನಿಸುವುದಿಲ್ಲ. 1967ರ ಆಸುಪಾಸಿನ ಬರದಲ್ಲಿ ಯುನಿಸೆಫ್ ಗಟ್ಟಿ ಬಂಡೆ ಕೊರೆಯುವ ರಿಗ್ಗುಗಳನ್ನು ತಂದಾಗ ಅದು ಜೀವ ಉಳಿಸುವ ಕೆಲಸ. ಮೆಟ್ಟಿಲುಬಾವಿಗೆ ಕಾಲಿಟ್ಟು ನೀರು ತರುತ್ತಿದ್ದ ಕಾಲದಲ್ಲಿ ನಾರುಹುಣ್ಣು, ಕಾಲರಾ ಇದ್ದವು. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ಘೋಷಣೆಯಾಗಲು ಕೈಪಂಪುಗಳ ಪಾಲು ಸಣ್ಣದಲ್ಲ. ಆದರೆ ಕೆರೆ ಹೂಳು ತುಂಬಿ, ತೋಟಕ್ಕೂ ಕುಡಿಯಲಿಕ್ಕೂ ಬೋರೇ ಗತಿಯಾಗಿ, ನೂರಡಿಯದು ಐನೂರು, ಸಾವಿರ ಅಡಿಗೆ ಇಳಿದಂತೆಲ್ಲ ಹಳೆಯ ನೀರು ಮೇಲೆ ಬಂತು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಒಳ್ಳೆಯದು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ವಿಶ್ವ ಆರೋಗ್ಯ ಸಂಸ್ಥೆಯ ಗಡಿಯೂ 1.5. ಬಿಸಿಲಲ್ಲಿ ದುಡಿದು ದಿನಕ್ಕೆ ಐದಾರು ಲೀಟರ್ ಕುಡಿಯುವವನಿಗೆ ಆ ಗಡಿಯೂ ಉದಾರವೇ.

‘ಹಾಗಾದರೆ ಟೂತ್‌ಪೇಸ್ಟಿನ ಫ್ಲೋರೈಡ್ ವಿಷವಂತಲ್ಲ, ಡಾಕ್ಟ್ರೇ?’ ಎಂದು ವಾಟ್ಸಾಪ್ ಸಂದೇಶ ತೋರಿಸುವವರು ಪ್ರತಿ ಹಬ್ಬದೂಟದಲ್ಲೂ ಸಿಗುತ್ತಾರೆ. ಇಲ್ಲ. ಲಂಡನ್ನಿನ ನೀರಿಗೆ ಫ್ಲೋರೈಡ್ ಬೆರೆಸುವುದಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ 1964ರಿಂದ ಬೆರೆಸುತ್ತಾರೆ, ಅದೂ ಲೀಟರಿಗೆ 1 ಮಿಲಿಗ್ರಾಂ ಗುರಿಯಿಟ್ಟು. ಹುಳುಕು ತಡೆಯಲು ಇಲ್ಲಿನ ಮಕ್ಕಳಿಗೆ ಫ್ಲೋರೈಡ್ ಪೇಸ್ಟ್ ಬೇಕು: ಮೂರು ವರ್ಷದೊಳಗಿನವರಿಗೆ ಬ್ರಷ್ಷಿಗೆ ಸವರಿದಷ್ಟು, ಆರರವರೆಗೆ ಬಟಾಣಿ ಕಾಳಿನಷ್ಟು, ಉಗಿಯಲು ಕಲಿಸಿ. ಅತಿಯಾದರೆ ಏನಾಗುತ್ತದೆ ಎನ್ನಲು ಅಮೆರಿಕದ ಮಿಷಿಗನ್ನಿನ ಮಹಿಳೆಯೊಬ್ಬರಿದ್ದಾರೆ. ಹದಿನೇಳು ವರ್ಷ ಪ್ರತಿದಿನ ನೂರಕ್ಕೂ ಹೆಚ್ಚು ಟೀ ಬ್ಯಾಗಿನ ಚಹಾ ಕುಡಿದು ಮೂಳೆಯ ಫ್ಲೋರೋಸಿಸ್ ತರಿಸಿಕೊಂಡ ಕತೆ 2013ರಲ್ಲಿ ವೈದ್ಯ ಪತ್ರಿಕೆಯಲ್ಲಿ ಬಂತು. ಚಹಾ ಗಿಡ ನೆಲದ ಫ್ಲೋರೈಡನ್ನು ಎಲೆಯಲ್ಲಿ ಕೂಡಿಡುತ್ತದೆ. ನಮ್ಮ ಮೂರು ನಾಲ್ಕು ಲೋಟಕ್ಕೆ ಹೆದರಬೇಕಿಲ್ಲ.

ಹೆದರಬೇಕಾದದ್ದು ಊರಲ್ಲಿರುವ ಅಪ್ಪ ಅಮ್ಮನ, ಅಣ್ಣನ ಮಕ್ಕಳ ವಿಷಯಕ್ಕೆ. ಮೂಳೆಯಲ್ಲಿ ಕೂತದ್ದನ್ನು ಇಳಿಸುವ ಔಷಧ ನಮ್ಮ ಹತ್ತಿರ ಇಲ್ಲ. ಹಲ್ಲಿನ ಕಂದು ಕಲೆ ಎಂಟು ವರ್ಷದೊಳಗೆ ಕುಡಿದ ನೀರಿನಿಂದ ಬರುತ್ತದೆ, ಉಜ್ಜಿದರೆ ಹೋಗುವುದಿಲ್ಲ. ನನ್ನ ದೊಡ್ಡಪ್ಪನ ಮೊಮ್ಮಗಳು ವಿಡಿಯೊ ಕರೆಯಲ್ಲಿ ನಗುವಾಗಲೆಲ್ಲ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಾಳೆ. ನಾಚಿಕೆ ಅಂದುಕೊಂಡಿದ್ದೆ. ಗಂಡು ನೋಡಲು ಬಂದವರು ಹಲ್ಲಿನ ಮಾತೆತ್ತಿದರಂತೆ. ‘ಕಾಸಿ ಆರಿಸಿ ಕುಡಿತೀವಪ್ಪ, ಏನೂ ಆಗೂದಿಲ್ಲ’ ಅನ್ನುತ್ತಾರೆ ದೊಡ್ಡಮ್ಮ. ಕಾಸಿದರೆ ಕ್ರಿಮಿ ಸಾಯುತ್ತದೆ. ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಮತ್ತಷ್ಟು ಗಟ್ಟಿಯಾಗುತ್ತದೆ. ಕ್ಯಾಂಡಲ್ ಫಿಲ್ಟರಿಗೂ ಅದು ಸಿಗುವುದಿಲ್ಲ. ಆರ್.ಓ. ಯಂತ್ರ ತೆಗೆಯುತ್ತದೆ, ಆಕ್ಟಿವೇಟೆಡ್ ಅಲ್ಯೂಮಿನಾ ತೆಗೆಯುತ್ತದೆ. ಪಟಿಕ, ಸುಣ್ಣ ಹಾಕಿ ತಿಳಿಗೊಳಿಸುವ ನಲ್ಗೊಂಡ ವಿಧಾನವೂ ಇದೆ, ಆದರೆ ದಿನಾ ತಪ್ಪದೆ ಮಾಡುವ ಒಬ್ಬರು ಬೇಕು. ಚೆನ್ನಾದದ್ದು ಮಾಳಿಗೆಯ ಮಳೆನೀರು ಹಿಡಿದಿಟ್ಟುಕೊಳ್ಳುವುದು, ಅಥವಾ ನದಿಯ ನೀರು ಕೊಳವೆಯಲ್ಲಿ ಬಂದರೆ ಅದನ್ನೇ ಕುಡಿಯುವುದು. ಹಾಲು, ಮೊಸರು, ರಾಗಿ, ನೆಲ್ಲಿಕಾಯಿ ಊಟದಲ್ಲಿದ್ದರೆ ಪೆಟ್ಟು ಸ್ವಲ್ಪ ಕಡಿಮೆ.

ಹೋದ ಸಲ ಊರಿಗೆ ಹೋದಾಗ ದೊಡ್ಡಪ್ಪನ ಮನೆಯ ಬೋರಿನ ನೀರನ್ನು ಜಿಲ್ಲಾ ಪ್ರಯೋಗಾಲಯಕ್ಕೆ ಕೊಟ್ಟು ಬಂದೆ. ಚೀಟಿ ಬಂತು: ಗಡಿಯ ಎರಡು ಪಟ್ಟಿಗಿಂತ ಹೆಚ್ಚು. ನಾನು ಎಂ.ಡಿ. ಮಾಡಿ ಎಷ್ಟು ವರ್ಷವಾಯಿತು, ಈ ಮನೆಯ ಜಗಲಿಯಲ್ಲಿ ಎಷ್ಟು ಸಲ ಕೂತು ಅದೇ ನೀರಿನಲ್ಲಿ ಪಾನಕ ಕುಡಿದಿದ್ದೇನೆ ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟೆ. ಪದಕದ ಬೆಲೆಗೆ ಇನ್ನಷ್ಟು ಸೇರಿಸಿದರೆ ಅಲ್ಲಿ ಒಂದು ಆರ್.ಓ. ಬರುತ್ತದೆ. ಶ್ರೀಮತಿಯೇ ಆ ಲೆಕ್ಕ ಹೇಳಿದ್ದು.

ಡಿಸೆಂಬರಿನಲ್ಲಿ ಊರಿಗೆ ಹೊರಟವರಿಗೆ ಒಂದು ಕೋರಿಕೆ. ಬೋರನ್ನು ಐದು ನಿಮಿಷ ಓಡಲು ಬಿಟ್ಟು, ಅದೇ ನೀರಿನಲ್ಲಿ ಎರಡು ಸಲ ತೊಳೆದ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ ತುಂಬಿಸಿ. ಗಾಜಿನದು ಬೇಡ. ಮೇಲೆ ಊರು, ಬೋರಿನ ಆಳ, ತಾರೀಖು ಬರೆದು ಅಂಟಿಸಿ. ಗ್ರಾಮೀಣ ಕುಡಿಯುವ ನೀರಿನ ಇಲಾಖೆಯ ಜಿಲ್ಲಾ ಪ್ರಯೋಗಾಲಯ ಎಲ್ಲಿದೆ ಎಂದು ಪಂಚಾಯಿತಿಯಲ್ಲಿ ಕೇಳಿದರೆ ಹೇಳುತ್ತಾರೆ. ಚೀಟಿಯ ಫೋಟೋ ನನಗೆ ಕಳಿಸಿದರೆ ಓದಿ ಹೇಳುತ್ತೇನೆ, ಫೀಸಿಲ್ಲ. ಬರುವಾಗ ಒಂದು ಪೊಟ್ಟಣ ಗದಗಿನ ಶೇಂಗಾ ಚಟ್ನಿಪುಡಿ ತಂದರೆ ಬೇಡವೆನ್ನುವುದಿಲ್ಲ.